ಕಾಗದದಲ್ಲಿಲ್ಲದ ಮಹಡಿಯ ಬೆಲೆ

ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ ಬಾಡಿಗೆ ಮನೆಗಳಿರುವ ಕಟ್ಟಡ ಕೊಳ್ಳಲು ಹೊರಟರೆ, ಬ್ರೋಕರು ಕೊನೆಗೆ ಟೆರೇಸಿಗೆ ಕರೆದೊಯ್ಯುತ್ತಾನೆ. ಅಲ್ಲೊಂದು ‘ಪೆಂಟ್‌ಹೌಸ್’. ಹೆಸರು ದೊಡ್ಡದು, ಇರುವುದು ಎರಡು ಕೋಣೆ, ಒಂದು ಅಡುಗೆಮನೆ, ಅದರೊಳಗೊಂದು ಸಂಸಾರ. ಪಾಲಿಕೆ ಒಪ್ಪಿದ ನಕ್ಷೆಯಲ್ಲಿ ಮಾತ್ರ ಅದು ಇಲ್ಲ. ಕೇಳಿದರೆ ಸಿದ್ಧ ಉತ್ತರ: “ಬಿಪಿಎಸ್‌ನಲ್ಲಿ ಸರಿಹೋಗುತ್ತೆ ಸಾರ್.”

ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡವನ್ನು ಸಕ್ರಮ ಮಾಡುವ ಆಂಧ್ರದ ಯೋಜನೆ ಅದು. 2015, 2019 ಹೀಗೆ ಮತ್ತೆ ಮತ್ತೆ ಬಂದಿದೆ. ಆದರೆ ಪ್ರತಿ ಸಲವೂ ಅದಕ್ಕೊಂದು ಗಡುವು ಇರುತ್ತದೆ. ಆಮೇಲೆ ಕಟ್ಟಿದ್ದು ಸೇರುವುದಿಲ್ಲ. ಕೆರೆ, ಕಾಲುವೆ, ಸರ್ಕಾರಿ ಜಾಗ ಒತ್ತಿದ್ದಕ್ಕೂ ರಿಯಾಯಿತಿ ಇಲ್ಲ. ನಮ್ಮ ಕರ್ನಾಟಕದವರಿಗೆ ಈ ಆಸೆಯ ಗತಿ ಗೊತ್ತು: ಅಕ್ರಮ-ಸಕ್ರಮಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು.

ನನ್ನ ಮಾತು ಇಷ್ಟೇ: ಆ ಮಹಡಿ ಇಲ್ಲವೆಂದುಕೊಂಡೇ ಬೆಲೆ ಕಟ್ಟಿ.

ಲೆಕ್ಕ ಹಾಕಿ ನೋಡೋಣ. ನಾಲ್ಕು ಮನೆ, ತಲಾ 12,000 ಬಾಡಿಗೆ ಎನ್ನಿ, ವರ್ಷಕ್ಕೆ 5.76 ಲಕ್ಷ. ಶೇ 3ರ ಆದಾಯ ಸಾಕೆನ್ನುವವರು 1.92 ಕೋಟಿ ಕೊಡಲು ಮುಂದಾಗುತ್ತಾರೆ. ಮೇಲಿನ ಮನೆ ತೆಗೆದರೆ ಬೆಲೆ 1.44 ಕೋಟಿ. ನಡುವಿನ 48 ಲಕ್ಷ ಕೊಡುವುದು ಕಾಗದದಲ್ಲಿ ಇಲ್ಲದ ಗೋಡೆಗಳಿಗೆ.

“ಕರೆಂಟ್ ಮೀಟರ್ ಇದೆ, ಮನೆ ತೆರಿಗೆಯೂ ಕಟ್ಟಿದ್ದೇವೆ” ಎಂದು ಮಾರುವವರು ರಸೀದಿ ತೋರಿಸುತ್ತಾರೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಅಕ್ರಮ ಸಕ್ರಮವಾಗದು. ಮೀರತ್‌ನ ಪ್ರಕರಣವೊಂದರಲ್ಲಿ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಇನ್ನೂ ಖಡಕ್ಕಾಗಿ ಹೇಳಿತು: ಎಷ್ಟು ವರ್ಷ ಕಳೆದರೂ, ಎಷ್ಟು ಹಣ ಸುರಿದರೂ ಅಕ್ರಮ ಕಟ್ಟಡ ಸಕ್ರಮವಾಗುವುದಿಲ್ಲ, ಸ್ವಾಧೀನಾನುಭವ ಪತ್ರ, ಅಂದರೆ ಒಸಿ, ನೋಡಿಯೇ ಬ್ಯಾಂಕುಗಳು ಸಾಲ ಕೊಡಬೇಕು. ನಾಳೆ ನೀವು ಮಾರಲು ಹೊರಟಾಗ ಕೊಳ್ಳುವವನ ಬ್ಯಾಂಕು ಕೇಳುವುದೂ ಅದನ್ನೇ.

ಆದ್ದರಿಂದ ಮುಂಗಡ ಕೊಡುವ ಮೊದಲು ಮಂಜೂರಾದ ನಕ್ಷೆ, ಒಸಿ, ಇಸಿ ಮೂರನ್ನೂ ಕೇಳಿ. ನಕ್ಷೆ ಕೈಯಲ್ಲಿ ಹಿಡಿದು ಮಹಡಿ ಎಣಿಸಿ. ಕೆಳಗಿನ ಪಾರ್ಕಿಂಗ್ ಜಾಗ ಅಂಗಡಿಯಾಗಿದೆಯೇ ನೋಡಿ. ಮೂರು ಮನೆಯ ಬೆಲೆಗೆ ಒಪ್ಪದಿದ್ದರೆ ಎದ್ದು ಬನ್ನಿ.

ಅಗ್ಗಕ್ಕೆ ಸಿಕ್ಕಿದ್ದರಿಂದ ಕೊಂಡಿರೋ, ಇನ್ನೊಂದು ಕರ್ತವ್ಯ ಉಳಿಯುತ್ತದೆ. ಪಾಲಿಕೆಯ ನೋಟಿಸ್ ಬರುವುದು ಮಾಲೀಕನ ಹೆಸರಿಗೆ. ಪಾತ್ರೆಪಗಡ ಕಟ್ಟಿಕೊಂಡು ಮೆಟ್ಟಿಲಿಳಿಯಬೇಕಾದವರು ಮೇಲಿನ ಸಂಸಾರದವರು. ಮಕ್ಕಳ ಪರೀಕ್ಷೆ ಹತ್ತಿರವಿದೆಯೆಂದು ನೋಟಿಸ್ ಕಾಯುವುದಿಲ್ಲ. ಅವರಿಗೆ ಇರುವ ವಿಷಯ ಹೇಳಿಬಿಡಿ. ಅವರ ಅಡ್ವಾನ್ಸ್ ಹಣವನ್ನು ಮುಟ್ಟದೆ ಬ್ಯಾಂಕಿನಲ್ಲಿಡಿ. ಅಷ್ಟು ಹೇಳುವ ಧೈರ್ಯ ನಮಗಿಲ್ಲವೆಂದರೆ, ಆ ಮನೆಯ ಬಾಡಿಗೆ ತೆಗೆದುಕೊಳ್ಳುವ ಹಕ್ಕೂ ನಮಗಿಲ್ಲ.