ಒಳಗೆ ಮಂಚ, ಆರ್‌ಸಿಯಲ್ಲಿ ಗೂಡ್ಸ್

ಹೋದ ತಿಂಗಳು ಹನಕೆರೆಯಿಂದ ಮದ್ದೂರಿನ ಕಡೆಗೆ ಸರ್ವಿಸ್ ರಸ್ತೆಯಲ್ಲಿ ಹೋಗುತ್ತಿದ್ದಾಗ ಒಂದು ವೆಲ್ಡಿಂಗ್ ಶಾಪ್ ಮುಂದೆ ಬೈಕ್ ನಿಲ್ಲಿಸಿದೆವು. ಹಳೇ ಗೂಡ್ಸ್ ವ್ಯಾನ್ ಒಂದಕ್ಕೆ ಕಿಟಕಿ ಕೊರೆದಿದ್ದರು. ಒಳಗೆ ಮಡಚುವ ಮಂಚ, ಸಿಂಕು, ಗ್ಯಾಸ್ ಸ್ಟೌವ್ ಇಡಲು ಕಟ್ಟೆ. ಮಾಡಿಸುತ್ತಿದ್ದವನು ನಮ್ಮ ಪರಿಚಯದ ಹುಡುಗನೇ. ಬೆಂಗಳೂರಿನವರನ್ನು ಮೇಲುಕೋಟೆ, ಶಿವನಸಮುದ್ರ, ಮಹದೇಶ್ವರ ಬೆಟ್ಟ ಅಂತ ಸುತ್ತಿಸುವುದು, ರಾತ್ರಿ ವ್ಯಾನಿನಲ್ಲೇ ಮಲಗಿಸುವುದು ಅವನ ಲೆಕ್ಕ. ಕಬ್ಬಿನ ದುಡ್ಡು ಹಾಕಿದ್ದಾನೆ, ಸಾಲದ್ದಕ್ಕೆ ಅಮ್ಮನ ಹೆಸರಲ್ಲಿ ಸಂಘದ ಸಾಲ.

"ಆರ್‌ಟಿಒದಲ್ಲಿ ಕೇಳಿದ್ಯೇನಪ್ಪಾ?" ಅಂದೆವು.

"ಮೊದ್ಲು ಕೆಲ್ಸ ಮುಗೀಲಿ ಅಣ್ಣ, ಆಮೇಲೆ ನೋಡ್ಕೊಂಡ್ರಾಯ್ತು" ಅಂದ.

ಈ 'ಆಮೇಲೆ' ಬಗ್ಗೆಯೇ ನಮ್ಮ ತಕರಾರು.

ಗಾಡಿ ಯಾವ ಜಾತಿಯದು ಅನ್ನುವುದನ್ನು ಅದರೊಳಗಿರುವ ಮಂಚ ಹೇಳುವುದಿಲ್ಲ, ಆರ್‌ಸಿ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯ ರಚನೆ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಬಣ್ಣ ಬದಲಿಸುವುದು, ಸಣ್ಣಪುಟ್ಟ ಫಿಟ್ಟಿಂಗ್ ಹಾಕಿಸುವುದು ಬೇರೆ ಮಾತು. ಅದೇ ವರ್ಷದ ತಿದ್ದುಪಡಿ ಬಂದ ಮೇಲೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ಸ್ಪೀಡಿನ ಲೆಕ್ಕವೂ ಇದೇ ಕಾಗದದ ಮೇಲೆ ನಿಂತಿದೆ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಪಟ್ಟಿ ನೋಡಿ. ಪ್ರವೇಶ ನಿಯಂತ್ರಿತ ಎಕ್ಸ್‌ಪ್ರೆಸ್‌ವೇಯಲ್ಲಿ ಡ್ರೈವರ್ ಬಿಟ್ಟು ಎಂಟು ಸೀಟಿನವರೆಗಿನ ಗಾಡಿಗೆ ಗರಿಷ್ಠ 120, ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು ಸೀಟಿದ್ದರೆ 100, ಗೂಡ್ಸ್‌ಗೆ 80. ಹಳ್ಳಿ ಕಡೆಯ ಮಾಮೂಲಿ ರಸ್ತೆಗೆ ಬಂದರೆ ಕಾರಿಗೆ 70, ಉಳಿದ ಆ ಎರಡಕ್ಕೂ 60. ಕ್ಯಾಂಪರ್ ವ್ಯಾನ್ ಅಂತ ಬೇರೆ ಸಾಲೇ ಇಲ್ಲ. ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೇ 100 ಅಂತ ಬೋರ್ಡಿದೆ. 'ಒಳಗೆ ಜನ ಮಲಗ್ತಾರೆ, ಇದು ಕಾರಿದ್ದಂಗೆ' ಅಂತ ಅವನು ನೂರರಲ್ಲಿ ಓಡಿಸಿದರೆ, ಕ್ಯಾಮೆರಾ ಹಿಡಿದ ನಂಬರಿನ ದಾಖಲೆಯಲ್ಲಿ ಅದು ಗೂಡ್ಸ್ ಗಾಡಿಯೇ.

ಬ್ರಿಟನ್ನಿನಲ್ಲೂ ಇದೇ ಗೋಳು. ಅಲ್ಲಿ ಡಿವೈಡರ್ ಇಲ್ಲದ ರಸ್ತೆಯಲ್ಲಿ ಸರಕಿನ ವ್ಯಾನಿಗೆ ಗಂಟೆಗೆ 50 ಮೈಲಿ, ಮಿತಿಯೊಳಗಿನ ತೂಕದ ಮೋಟಾರ್ ಕ್ಯಾರವಾನಿಗೆ ಕಾರಿನಷ್ಟೇ 60. ಅಲ್ಲಿನವರೂ ವ್ಯಾನಿಗೆ ಹಾಸಿಗೆ ಕೂರಿಸಿ ತಾವು ಯಾವ ಸಾಲಿಗೆ ಸೇರುತ್ತೇವೆ ಅಂತ ತಲೆ ಕೆರೆದುಕೊಳ್ಳುತ್ತಾರೆ.

ದಂಡ ಹೇಗೋ ಕಟ್ಟಬಹುದು. ನಮಗೆ ಭಯ ಇರುವುದು ಅಪಘಾತದ್ದು. ಗೂಡ್ಸ್ ಗಾಡಿಯಲ್ಲಿ ಸುಮ್ಮನೆ ಕೂತು ಹೋದವರಿಗೆ ಇನ್ಶೂರೆನ್ಸ್ ಕಂಪನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ತೀರ್ಪು ಕೊಟ್ಟಿದೆ. ಬೀಗರ ಊಟಕ್ಕೆ ಟೆಂಪೋ ತುಂಬ ಜನ ಹತ್ತಿಸುವ ನಮ್ಮ ಮಂಡ್ಯದವರಿಗೆ ಇದು ಇನ್ನೂ ಕಿವಿಗೆ ಬಿದ್ದಿಲ್ಲ. ನಾಳೆ ಆ ವ್ಯಾನ್ ಪಲ್ಟಿಯಾಗಿ ಯಾರಿಗಾದರೂ ಹೆಚ್ಚುಕಮ್ಮಿಯಾದರೆ ಪರಿಹಾರದ ದುಡ್ಡು ಹುಡುಗನ ಜಮೀನಿನಿಂದಲೇ ಹೋಗಬೇಕಾಗುತ್ತದೆ.

ಹಾಗಂತ ತಪ್ಪೆಲ್ಲ ಅವನದೇ ಅಂತ ನಾವು ಬರೆಯಲಾರೆವು. 2023ರ ಮಾರ್ಚ್‌ನಲ್ಲಿ ಈ ಹೆದ್ದಾರಿ ಉದ್ಘಾಟನೆಯಾಯಿತು. ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರ್ ಅದರ ಮೇಲೆ ಹತ್ತುವಂತಿಲ್ಲ. ಮದ್ದೂರು ವಡೆಗೆ ನಿಲ್ಲುತ್ತಿದ್ದ ಕಾರುಗಳು ಈಗ ಬೈಪಾಸಿನಲ್ಲೇ ಹೊರಟುಹೋಗುತ್ತವೆ. ನಿಲ್ಲದವರನ್ನು ನಾವೇ ಹೋಗಿ ಕರೆತರೋಣ ಅಂತ ಒಬ್ಬ ಹುಡುಗ ಯೋಚಿಸಿದರೆ ಅದು ಒಳ್ಳೇ ಯೋಚನೆಯೇ.

ಕಾನೂನಿಗೆ ಕ್ಯಾಂಪರ್ ವ್ಯಾನ್ ಗೊತ್ತಿಲ್ಲ ಅಂತಲೂ ಇಲ್ಲ. ಕೇಂದ್ರದ 2004ರ ಪಟ್ಟಿಯಲ್ಲಿ ಅದರ ಹೆಸರಿದೆ. ಸ್ವಂತಕ್ಕಾದರೆ ಖಾಸಗಿ ವಾಹನ, ಬಾಡಿಗೆಗಾದರೆ ಹಳದಿ ಬೋರ್ಡು, ಪರ್ಮಿಟ್ಟು. ಕ್ಯಾರವಾನ್ ಕಟ್ಟುವುದಕ್ಕೆ ಎಐಎಸ್ 124 ಅಂತ ಮಾನದಂಡವೂ ಇದೆ. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿ ಕ್ಯಾರವಾನ್ ಪ್ರವಾಸಕ್ಕೆ ಜಾಗ ಕೊಟ್ಟಿತ್ತು. ಆದರೆ ಆ ಮಾನದಂಡದ ಬಾಗಿಲು ತೆರೆಯುವುದು ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಗಳ ಕಡೆಯಿಂದ. ನೂರು ಗಾಡಿ ಕಟ್ಟುವ ಕಂಪನಿಗೆ ಅದು ಸರಿ. ಒಂದೇ ವ್ಯಾನ್ ಇಟ್ಟುಕೊಂಡವನು ಅಲ್ಲಿಗೆ ಹೋಗುತ್ತಾನೆಯೇ?

ಆದ್ದರಿಂದ ಸಾರಿಗೆ ಇಲಾಖೆಯೇ ಎರಡು ಮೂರು ವಿನ್ಯಾಸಗಳನ್ನು ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆದು ಇಟ್ಟುಕೊಳ್ಳಲಿ. ಒಂದು ಮಲಗುವ ವ್ಯಾನಿಗೆ, ಒಂದು ಕ್ಯಾಂಟೀನ್ ಗಾಡಿಗೆ. ಅಳತೆ, ಗ್ಯಾಸ್ ಸಿಲಿಂಡರಿನ ಜಾಗ, ತುರ್ತು ಬಾಗಿಲು ಎಲ್ಲ ಕನ್ನಡದಲ್ಲಿ ಬರೆದು ಮಂಡ್ಯ ಆರ್‌ಟಿಒ ಕಚೇರಿಯ ಗೋಡೆಗೆ ಅಂಟಿಸಲಿ. ನಮ್ಮ ವೆಲ್ಡಿಂಗ್‌ನವರು ಕೈಗೆ ನಕ್ಷೆ ಕೊಟ್ಟರೆ ಅದರಂತೆ ಕಟ್ಟದ ದಡ್ಡರೇನಲ್ಲ.

ಅಲ್ಲಿಯವರೆಗೆ, ನೀವೂ ವ್ಯಾನ್ ಕೊಂಡಿದ್ದರೆ, ಕಟಿಂಗ್ ಮಷೀನ್ ಆನ್ ಮಾಡುವ ಮುಂಚೆ ಆರ್‌ಟಿಒದಲ್ಲಿ ಲಿಖಿತ ಉತ್ತರ ತೆಗೆದುಕೊಳ್ಳಿ. ಬಾಯಿಮಾತು ಬೇಡ. ಫೈನಾನ್ಸ್ ಇದ್ದರೆ ಅವರ ಒಪ್ಪಿಗೆಯೂ ಕಾಗದದಲ್ಲೇ ಇರಲಿ. ಇನ್ಶೂರೆನ್ಸ್‌ನವರಿಗೆ ತಿಳಿಸಿ. ಮನೆಯವರ ಜೊತೆ ಸುತ್ತುವುದಕ್ಕಷ್ಟೇ ಅಂದರೆ ಸೀಟು ಕೀಳದೆ, ಬಾಡಿ ಕೊರೆಯದೆ, ಇಟ್ಟು ತೆಗೆಯುವ ಹಾಸಿಗೆಯಲ್ಲೇ ಸುಧಾರಿಸಿಕೊಳ್ಳಿ.

ನಮ್ಮ ಹುಡುಗನ ವ್ಯಾನ್ ಕೆಲಸ ಸದ್ಯಕ್ಕೆ ನಿಂತಿದೆ. ಕೊರೆದ ಕಿಟಕಿಗೆ ಪ್ಲಾಸ್ಟಿಕ್ ಕಟ್ಟಿದ್ದಾನೆ. ಸೋಮವಾರ ಅರ್ಜಿ ಹಿಡಿದು ಮಂಡ್ಯಕ್ಕೆ ಹೋಗುತ್ತಿದ್ದಾನೆ, ಜೊತೆಗೆ ನಾವೂ ಹೊರಟಿದ್ದೇವೆ.