ತೇಗದೆಲೆಯ ಪತಂಗ

ದೀಪಕ್ಕೆ ಬೀಳುವ ಪತಂಗಗಳಿಗೆಲ್ಲ ನಮ್ಮ ಕಾವ್ಯಗಳು ಶಲಭವೆಂಬ ಒಂದೇ ಹೆಸರನ್ನಿಟ್ಟು ಮುಗಿಸಿಬಿಟ್ಟಿವೆ. ಕವಿಗೆ ಅಷ್ಟು ಸಾಕು. ತೇಗವನ್ನು ನೆಟ್ಟ ಗೃಹಸ್ಥನಿಗೆ ಸಾಲದು. ಮುಂಗಾರಿಗೆ ಮುಂಚಿನ ಮಳೆಗೆ ಚಿಗುರಿ ನಿಂತ ತೋಪು ಕೆಲವೇ ದಿನಗಳಲ್ಲಿ ಬೋಳಾದರೆ, ಮರ ಸತ್ತಿತೆಂದು ಕೊಡಲಿಯನ್ನು ಹುಡುಕುವವರುಂಟು. ವಿಷವನ್ನೆರಚಲು ಹೊರಡುವವರೂ ಉಂಟು. ಎರಡಕ್ಕೂ ಮುನ್ನ ತಿಂದವರಾರೆಂಬುದನ್ನು ನಿರ್ಣಯಿಸಬೇಕಷ್ಟೆ.

ದಪ್ಪ ನರಗಳನ್ನುಳಿದು ಎಲೆಯೆಲ್ಲವೂ ಮಾಯವಾಗಿದ್ದರೆ ಅದು ಹೈಬ್ಲಿಯಾ ಪ್ಯೂರಾ ಎಂಬ ಪತಂಗದ ಮರಿಹುಳುವಿನ ಕೆಲಸ. ಸಣ್ಣ ನರಗಳೂ ಉಳಿದು, ನಡುವಣ ಹಸುರು ಮಾತ್ರ ಹೋಗಿ ಎಲೆಯು ಜಾಲರಿಯಂತಾಗಿದ್ದರೆ ತಿಂದುದು ಬೇರೊಂದು ಜಾತಿ. ಅದು ಹೆಚ್ಚಾಗಿ ಮಳೆಗಾಲ ಕಳೆಯುವಾಗ ಬಲಿತ ಎಲೆಗೆ ಬರುವುದರಿಂದ ನಷ್ಟವು ಕಡಮೆ.

೧೭೭೭ರಲ್ಲಿ ಡಚ್ಚರ ಕ್ರಾಮರನು ವರ್ಣಿಸಿದ ಈ ಹೈಬ್ಲಿಯಾದ ರೆಕ್ಕೆಯ ಹರವು ಸುಮಾರು ಒಂದೂವರೆ ಅಂಗುಲ. ಕುಳಿತಾಗ ಕಂದುಬಣ್ಣದ ಮುಂದಿನ ರೆಕ್ಕೆಗಳು ಮಾತ್ರ ತೋರುವುದರಿಂದ ತರಗೆಲೆಯ ಚೂರೆಂದೇ ಭ್ರಮೆ. ಆ ರೆಕ್ಕೆಯನ್ನು ಮೆಲ್ಲನೆ ಸರಿಸಿದರೆ, ಕೆಳಗೆ ಕಪ್ಪು ನೆಲದ ಮೇಲೆ ಕಿತ್ತಳೆ ಹಳದಿಯ ಮಚ್ಚೆಗಳು! ಗುರುತಿಗೆ ಇದೇ ಮುದ್ರೆ.

ಹೆಣ್ಣು ಎಳೆಯ ಎಲೆಗಳ ಮೇಲೆ ಒಂದೊಂದಾಗಿ ನೂರಾರು ಮೊಟ್ಟೆಗಳನ್ನಿಡುವುದು. ಮರಿಹುಳು ಎಲೆಯಂಚನ್ನು ಕತ್ತರಿಸಿ ಮಡಿಸಿ, ನೂಲಿನಿಂದ ಬಿಗಿದು, ಆ ಮನೆಯಲ್ಲಡಗಿ ಮೇಯುವುದು. ಹತ್ತು ಹನ್ನೆರಡು ದಿನಗಳಲ್ಲಿ ಬಲಿತು, ನೂಲು ಹಿಡಿದು ಕೆಳಗಿಳಿದು, ತರಗೆಲೆಗಳಡಿಯಲ್ಲಿ ಕೋಶವಾಗುವುದು. ವಾರದಲ್ಲಿ ಪತಂಗವಾಗಿ ಹಾರುವುದು. ಜಾವಾದ್ವೀಪದಲ್ಲಿ ಜನರು ಈ ಕೋಶಗಳನ್ನಾರಿಸಿ ಹುರಿದು ತಿನ್ನುತ್ತಾರೆ. (ಈ ಪತ್ರಿಕೆಯ ಅಡುಗೆಯ ಪುಟಕ್ಕೆ ಇದನ್ನು ನಾವು ಶಿಫಾರಸು ಮಾಡುತ್ತಿಲ್ಲ.)

ಬೋಳಾದ ಮರ ಸಾಮಾನ್ಯವಾಗಿ ಸಾಯದು, ಮತ್ತೆ ಚಿಗುರುವುದು. ಆದರೆ ಚಿಗುರಲು ವ್ಯಯವಾದುದು ಕಾಂಡಕ್ಕೆ ಸೇರಬೇಕಾಗಿದ್ದ ಶಕ್ತಿ. ಕೇರಳದ ಅರಣ್ಯ ಸಂಶೋಧನಾಲಯದವರು ನೀಲಂಬೂರಿನ ಎಳೆಯ ತೋಪುಗಳಲ್ಲಿ ಅಳೆದು ನೋಡಿ, ಬೆಳೆಯಬಹುದಾಗಿದ್ದ ದಾರುವಿನಲ್ಲಿ ನೂರಕ್ಕೆ ೪೪ ಭಾಗ ಈ ಹುಳುವಿನಿಂದ ನಷ್ಟವೆಂದು ಕಂಡರು. ಮಗಳ ಮದುವೆಗೆಂದು ತೇಗ ಬೆಳೆಸುವವರು ಈ ಅಂಕೆಯನ್ನು ಲಘುವಾಗಿ ಎಣಿಸಬಾರದು.

ಆದರೂ ವಿಷಕ್ಕೆ ನಮ್ಮ ಸಮ್ಮತಿಯಿಲ್ಲ. ಹುಳುವನ್ನು ಹೆಕ್ಕುವ ಪಕ್ಷಿಗಳಿಗೂ ಅದರಿಂದ ಕೇಡು. ಈ ಹುಳುವಿಗೇ ಅಂಟುವ ಒಂದು ವೈರಸ್ ರೋಗವುಂಟು. ಮೇಲೆ ಹೇಳಿದ ಸಂಶೋಧಕರು ಅದನ್ನೇ ಸಿದ್ಧಪಡಿಸಿ, ತೋಪುಗಳಿಗೆ ಸಿಂಪಡಿಸಿ ಫಲ ಕಂಡಿದ್ದಾರೆ. ರೋಗ ತಗುಲಿದ ಹುಳು ಮೆತ್ತಗಾಗಿ ಸತ್ತು, ಒಡೆದು, ಅದರ ರಸವು ಎಲೆಗೆ ಹರಡುವುದು. ಆ ಎಲೆಯನ್ನು ಮೆಯ್ದ ಹುಳುವಿಗೂ ಅದೇ ಗತಿ. ಅಂಥ ಹುಳುಗಳು ತಮ್ಮ ತೋಪಿನಲ್ಲಿ ಕಂಡರೆ ವಾಚಕರು ಅವನ್ನು ಕಿತ್ತೆಸೆಯದೆ ಅಲ್ಲಿಯೇ ಬಿಡುವುದು ಲೇಸು.