ಗಣಿತವೇ ಕಣ್ಣಾದ ಉಪಗ್ರಹ

2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ನಿಸಾರ್ ಉಪಗ್ರಹವು ಗಗನಕ್ಕೇರಿದಾಗ ನಮ್ಮ ಪತ್ರಿಕೆಗಳು ಅದರ 12 ಮೀಟರ್ ವ್ಯಾಸದ ಆಂಟೆನಾವನ್ನೂ ಅದನ್ನು ಹೊತ್ತೊಯ್ದ ರಾಕೆಟ್ಟನ್ನೂ ಮುಕ್ತಕಂಠದಿಂದ ಕೊಂಡಾಡಿದವು. ಭಾರತ ಅಮೆರಿಕಗಳು ಕೂಡಿ ರಚಿಸಿದ, ಬೆಂಗಳೂರಿನಲ್ಲಿ ಜೋಡಣೆಗೊಂಡ ಆ ಯಂತ್ರಕ್ಕೆ ಪ್ರಶಂಸೆ ಸಲ್ಲತಕ್ಕದ್ದೇ. ಆದರೆ ಮೋಡವನ್ನೂ ಕತ್ತಲೆಯನ್ನೂ ಭೇದಿಸಿ ನೆಲದ ಸ್ಪಷ್ಟ ಚಿತ್ರವನ್ನೀಯುವ ಶಕ್ತಿಯಲ್ಲಿ ಅರ್ಧಪಾಲು ಗಣಿತದ್ದೆಂದು ಹೇಳಿದವರು ವಿರಳ. ಇದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ಅಮೆರಿಕದ ಸೀಸ್ಯಾಟ್ ಉಪಗ್ರಹದ ಉದಾಹರಣೆಯನ್ನು ತೆಗೆದುಕೊಳ್ಳೋಣ. 1978ರ ಜೂನ್‌ನಲ್ಲಿ ಹಾರಿ ಅಕ್ಟೋಬರಿನಲ್ಲಿಯೇ ವಿದ್ಯುದ್ದೋಷದಿಂದ ಮೂಕವಾದ ಅಲ್ಪಾಯು ಅದು. ಅದರ ಎತ್ತರ ಸುಮಾರು 800 ಕಿಲೋಮೀಟರ್. ಆಂಟೆನಾದ ಉದ್ದ 10.7 ಮೀಟರ್, ಅಲೆಯುದ್ದ 23.5 ಸೆಂಟಿಮೀಟರ್. ಈ ಲೆಕ್ಕದಂತೆ ಅದರ ಕಿರಣವು ನೆಲ ಮುಟ್ಟುವ ಹೊತ್ತಿಗೆ, ಸಾಗುವ ದಿಕ್ಕಿನಲ್ಲಿ, 15 ಕಿಲೋಮೀಟರಿಗೂ ಮಿಕ್ಕಿ ಹರಡಿಬಿಡುತ್ತದೆ. ಹತ್ತಾರು ಹಳ್ಳಿಗಳು ಒಂದೇ ಮಸುಕಿನಲ್ಲಿ ಬೆರೆತುಹೋಗಬೇಕು. ಆದರೂ ದೊರೆತದ್ದು 25 ಮೀಟರಿನಷ್ಟು ಸೂಕ್ಷ್ಮವಾದ ಚಿತ್ರ, ಅದೂ 100 ಕಿಲೋಮೀಟರ್ ಅಗಲಕ್ಕೆ!

ಇದು ಹೇಗಾಯಿತು? ಸೆಕೆಂಡಿಗೆ ಏಳು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಸಾಗುತ್ತ ಉಪಗ್ರಹವು ಸೆಕೆಂಡಿಗೆ ಸಾವಿರಕ್ಕೂ ಮಿಕ್ಕಿ ಸ್ಪಂದನಗಳನ್ನು ಕಳುಹುತ್ತದೆ. ನೆಲದ ಒಂದೇ ಬಂಡೆ ಸಾವಿರಾರು ಸಲ ಮಾರ್ದನಿಗೊಡುತ್ತದೆ. ಉಪಗ್ರಹ ಸಮೀಪಿಸುವಾಗ ದೂರ ಕುಗ್ಗಿ, ದಾಟಿದ ಮೇಲೆ ಹಿಗ್ಗುವುದರಿಂದ, ಹಾದುಹೋಗುವ ರೈಲಿನ ಸಿಳ್ಳಿನಂತೆ ಮಾರ್ದನಿಯ ಆವರ್ತನವೂ ಬದಲಾಗುತ್ತದೆ. ಈ ಬದಲಾವಣೆಯನ್ನು ಲೆಕ್ಕಹಾಕಿ, ಪ್ರತಿಯೊಂದು ಅಲೆಯ ಏರಿಳಿತವನ್ನೂ ಸರಿಹೊಂದಿಸಿ ಕೂಡಿದರೆ, ಆ ಬಂಡೆಯ ದನಿಗಳು ಒಂದಕ್ಕೊಂದು ಬಲಗೊಡುತ್ತವೆ. ಮಿಕ್ಕವು ಪರಸ್ಪರ ಅಳಿಸಿಹೋಗುತ್ತವೆ. ಹಲವು ಕಿಲೋಮೀಟರ್ ಉದ್ದದ, ಯಾರೂ ಕಟ್ಟಲಾರದ ಆಂಟೆನಾವೊಂದು ಬರಿಯ ಲೆಕ್ಕದಲ್ಲಿ ಮೈದಾಳುತ್ತದೆ. ಇದಕ್ಕೆ ಸಿಂಥೆಟಿಕ್ ಅಪರ್ಚರ್ ರೇಡಾರ್ ಎಂದು ಹೆಸರು. ಅಮೆರಿಕದ ಕಾರ್ಲ್ ವೈಲಿಯವರು 1951ರಲ್ಲಿಯೇ ಇದರ ಮೂಲತತ್ವವನ್ನು ಕಂಡುಕೊಂಡಿದ್ದರು. ಸಂಸ್ಕರಿಸದ ಮಾಹಿತಿಯನ್ನು ನೋಡಿದರೆ ಅಂಗಳದಲ್ಲಿ ರಾಗಿ ಚೆಲ್ಲಿದಂತಿರುತ್ತದೆ, ಊರಿಲ್ಲ, ಹೊಳೆಯಿಲ್ಲ. ಸೀಸ್ಯಾಟ್ ಕಾಲದಲ್ಲಿ ಈ ಮಾಹಿತಿಯನ್ನು ಫಿಲ್ಮಿನ ಮೇಲೆ ಮೂಡಿಸಿ, ಲೇಸರ್ ಬೆಳಕನ್ನು ಮಸೂರಗಳ ಮೂಲಕ ಹಾಯಿಸಿ ಚಿತ್ರ ಪಡೆಯುತ್ತಿದ್ದರು. ಅದೇ ವರ್ಷ ಕೆನಡಾದ ಮ್ಯಾಕ್‌ಡೊನಾಲ್ಡ್ ಡೆಟ್‌ವೈಲರ್ ಸಂಸ್ಥೆಯವರು ಆ ಕಾರ್ಯವನ್ನು ಗಣಕಯಂತ್ರಕ್ಕೆ ಒಪ್ಪಿಸಿದರು.

ಅಗಲಕ್ಕೂ ಸೂಕ್ಷ್ಮತೆಗೂ ಹಳೆಯ ವೈರ. ಸೂಕ್ಷ್ಮತೆ ಬೇಕೆಂದರೆ ಸ್ಪಂದನಗಳು ಬೇಗಬೇಗನೆ ಹೊರಡಬೇಕು. ಅಗಲ ಬೇಕೆಂದರೆ ದೂರದ ಮಾರ್ದನಿ ಮರಳುವವರೆಗೆ ತಾಳಬೇಕು. ನಿಸಾರ್ ಮರಳಿದ ದನಿಗಳನ್ನು ಸಾಲುಗ್ರಾಹಕಗಳಲ್ಲಿ ದಿಕ್ಕಿಗನುಗುಣವಾಗಿ ಹಿಡಿದು ಬೇರ್ಪಡಿಸುವುದರಿಂದ 240 ಕಿಲೋಮೀಟರ್ ಅಗಲದ ನೆಲವನ್ನು ಸ್ಪಷ್ಟವಾಗಿ ಕಾಣಬಲ್ಲುದು. 12 ದಿನಗಳಿಗೊಮ್ಮೆ ಅದೇ ಪಥಕ್ಕೆ ಮರಳುತ್ತದೆ.

ಈ ಮಾಹಿತಿಯನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡಬೇಕೆಂಬುದೇ ನೀತಿ. ನೆರೆಯ ನೀರು ಎಲ್ಲಿಯವರೆಗೆ ನಿಂತಿದೆ, ಯಾವ ಗುಡ್ಡ ಜರುಗುತ್ತಿದೆ ಎಂಬುದನ್ನು ಅದರಿಂದ ತಿಳಿಯಬಹುದು. ತಿಳಿಯಬಲ್ಲವರು ಮಾತ್ರ ಬೇಕು. ನಾವಾದರೋ ಸೈನ್, ಕೊಸೈನ್‌ಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿಸಿ, ಅದರಿಂದೇನು ಪ್ರಯೋಜನವೆಂದು ಕೇಳಿದ ಹುಡುಗನನ್ನು ಗದರಿ ಕೂರಿಸುತ್ತೇವೆ. ಕಟ್ಟಡಕ್ಕೆ ದಾನಿಗಳು ದೊರೆಯುವಂತೆ ಗಣಿತದ ಕೋಣೆಗೆ ದೊರೆಯುವುದೂ ಅಪರೂಪ. ಈ ಸಲಿಗೆಯನ್ನು ಹಿರಿಯರು ಮನ್ನಿಸಬೇಕು. ಚೌಕಳಿ ಕಾಗದದ ಮೇಲೆ ಎರಡು ಅಲೆಗಳನ್ನು ಬರೆಯಿಸಿ, ಒಂದನ್ನು ತುಸು ಸರಿಸಿ ಕೂಡಿಸುವ ಪಾಠಕ್ಕಂತೂ ಯಾವ ವೆಚ್ಚವೂ ಇಲ್ಲ. ಅದನ್ನು ಹತ್ತನೆಯ ತರಗತಿಯಲ್ಲಿ ಬರುವ ಜೂನ್‌ನಿಂದಲೇ ಆರಂಭಿಸಬಹುದು.